ಚಿಮ್ನಿ ಮೇಲೆ ಕೂತವನಿಗೆ ಮುತ್ತಜ್ಜಿ ಸಿಕ್ಕಿದ್ದು

ದಕ್ಷಿಣ ಕೊರಿಯಾದಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಕಾರ್ಖಾನೆಯ ಚಿಮ್ನಿ ಏರಿ ಕೂರುತ್ತಾರೆ. ಇದು ಕಥೆಯಲ್ಲ. 2014-15ರಲ್ಲಿ ಒಬ್ಬರು ಹೀಗೆ 408 ದಿನ ಕೂತಿದ್ದರು. 2017ರ ನವೆಂಬರಿನಲ್ಲಿ ಸೋಲ್‌ನ ಚಿಮ್ನಿಯೊಂದನ್ನು ಹತ್ತಿದ ಇಬ್ಬರು ಇಳಿದದ್ದು 426 ದಿನಗಳ ನಂತರ. ಹ್ವಾಂಗ್ ಸೊಕ್-ಯೊಂಗ್ ಅವರ 'ಮೇಟರ್ 2-10' ಕಾದಂಬರಿಯ ಯಿ ಜಿನೊ ಕೂಡ ಅಂಥವನೇ. ಕೆಳಗಿನಿಂದ ಗೆಳೆಯರು ಹಗ್ಗ ಕಟ್ಟಿ ಊಟ ಕಳಿಸುತ್ತಾರೆ. ಮೇಲೆ ಚಳಿ, ಗಾಳಿ, ಬೇಸರ. ಹೊತ್ತು ಹೋಗದೆ ಅವನು ಖಾಲಿ ಪ್ಲಾಸ್ಟಿಕ್ ಬಾಟಲಿಗಳ ಮೇಲೆ ತೀರಿಹೋದವರ ಹೆಸರು ಬರೆದು ಮಾತಾಡಿಸಲು ಶುರುಮಾಡುತ್ತಾನೆ. ಅವರೂ ಮಾತಾಡುತ್ತಾರೆ.

ಅಲ್ಲಿಂದ ಕಾದಂಬರಿ ನೂರು ವರ್ಷ ಹಿಂದಕ್ಕೆ ಇಳಿಯುತ್ತದೆ. ಮುತ್ತಜ್ಜ ಬೇಕ್‌ಮಾನ್ ಜಪಾನೀಯರ ಕಾಲದ ರೈಲ್ವೆಯಲ್ಲಿ ದುಡಿದವನು. ಅವನು ಮಕ್ಕಳಿಗೆ ಇಟ್ಟ ಹೆಸರುಗಳು ಇಲ್‌ಚೊಲ್ ಮತ್ತು ಇಚೊಲ್, ಅಂದರೆ ಒಂದನೇ ಕಬ್ಬಿಣ, ಎರಡನೇ ಕಬ್ಬಿಣ. ದೇವರ ಹೆಸರಿಡುವ ನಮಗೆ ಇದು ತಮಾಷೆ ಅನ್ನಿಸಬಹುದು. ಆದರೆ ಆ ಮನೆಯ ಅನ್ನ ಬರುತ್ತಿದ್ದದ್ದು ಕಬ್ಬಿಣದಿಂದಲೇ.

ಈ ಪುಸ್ತಕದ ಬಗ್ಗೆ ತರಗತಿಯಲ್ಲಿ ಮಾತಾಡುವಾಗ ಒಬ್ಬಳು, "ಇದು ಮಾರ್ಕ್ವೆಜ್ ಥರಾನೇ ಅಲ್ವಾ ಮೇಡಂ?" ಅಂದಳು. ಮಾಯಾವಾಸ್ತವ ಎಂಬ ಪದ ಪರೀಕ್ಷೆಗೆ ಬರುತ್ತದಾದ್ದರಿಂದ ಎಲ್ಲರ ನಾಲಿಗೆ ಮೇಲಿರುತ್ತದೆ. ಹ್ವಾಂಗ್ ತಮ್ಮ ಬರವಣಿಗೆಯನ್ನು ಕರೆಯುವುದು ಬೇರೆ ಹೆಸರಿನಿಂದ. ಜನಪದ ಕಥೆಯ ವಾಸ್ತವವಾದ ಅನ್ನುತ್ತಾರೆ ಅವರು. ಸತ್ತವರು ಬರುವುದನ್ನು ಅವರು ಯಾವ ಪುಸ್ತಕದಿಂದಲೂ ಎರವಲು ತರಬೇಕಿರಲಿಲ್ಲ. ಕೊರಿಯಾದ ಮನೆಗಳಲ್ಲಿ ಹಿರಿಯರು ತೀರಿಕೊಂಡ ದಿನ 'ಜೆಸಾ' ಮಾಡುತ್ತಾರೆ. ಊಟ ಬಡಿಸಿ, ಮದ್ಯ ಸುರಿದು, ಬಗ್ಗಿ ನಮಸ್ಕರಿಸಿ, ಅವರು ಉಣ್ಣುವವರೆಗೆ ಕಾಯುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕೂರುವ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಮಾಯೆ ಏನೂ ಕಾಣುವುದಿಲ್ಲ. ನನಗಂತೂ ಕಾಣಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಜಿನೊನ ಮುತ್ತಜ್ಜಿ, ಜುವಾನ್-ದೇಕ್. ಭಾರಿ ಮೈಕಟ್ಟಿನ ಹೆಂಗಸು, ಗಂಡಸರನ್ನು ನಾಚಿಸುವ ಶಕ್ತಿ. ಅವಳು ಸತ್ತ ಮೇಲೂ ಮನೆಗೆ ಕಷ್ಟ ಬಂದಾಗ ಕಾಣಿಸಿಕೊಳ್ಳುತ್ತಾಳೆ. ಅವಳ ನಾದಿನಿ ಆ ಕಥೆಗಳನ್ನು ಉಪ್ಪುಖಾರ ಹಚ್ಚಿ ಹೇಳುತ್ತಾಳೆ. ಕೇಳುವವರು ಅರ್ಧ ನಂಬುತ್ತಾರೆ, ಅರ್ಧ ನಗುತ್ತಾರೆ. ಆದರೆ ಜುವಾನ್-ದೇಕ್ ಹೆಸರೇ ಅಲ್ಲ. ಜುವಾನ್ ಅನ್ನುವುದು ಇಂಚಿಯೋನ್ ಕಡೆಯ ಒಂದು ಊರು. ಆ ಊರಿನಿಂದ ಬಂದ ಸೊಸೆ ಎಂದಷ್ಟೇ ಅದರ ಅರ್ಥ.

ಇದನ್ನು ಓದುವ ಹೊತ್ತಿಗೆ ನಮ್ಮ ಮನೆಯಲ್ಲಿ ಖಾತೆ ಬದಲಾವಣೆಗೆಂದು ವಂಶವೃಕ್ಷ ಮಾಡಿಸುವ ಓಡಾಟ ನಡೆದಿತ್ತು. ಅಪ್ಪನ ಅಜ್ಜಿಯ ಹೆಸರು ಬೇಕಿತ್ತು. ಯಾರಿಗೂ ಗೊತ್ತಿಲ್ಲ! ಎಲ್ಲರೂ ಬಾಣಾವರದಮ್ಮ ಅಂತಲೇ ಕರೆದವರು. ಆಕೆ ರಾಗಿ ಮೂಟೆಯನ್ನು ಒಬ್ಬಳೇ ಗಾಡಿಗೆ ಹಾಕುತ್ತಿದ್ದ ಕಥೆ ದೊಡ್ಡಪ್ಪನಿಗೆ ಗೊತ್ತು. ರಾತ್ರಿ ಹೊತ್ತು ತೋಟಕ್ಕೆ ನುಗ್ಗಿದ ಕಳ್ಳನನ್ನು ಮರಕ್ಕೆ ಕಟ್ಟಿ, ಬೆಳಿಗ್ಗೆ ಅವನಿಗೇ ಮುದ್ದೆ ಬಡಿಸಿದ ಕಥೆಯೂ ಗೊತ್ತು. ಹೆಸರು ಗೊತ್ತಿಲ್ಲ. ಕಾಗದದಲ್ಲಿ ಜಾಗ ಸಿಗದ ಹೆಂಗಸರು ಹೀಗೆ ಕಥೆಯೊಳಗೆ ದೊಡ್ಡದಾಗುತ್ತಾ ಹೋಗುತ್ತಾರೋ ಏನೋ. ಜುವಾನ್-ದೇಕ್ ಪ್ರವಾಹದ ನೀರಿಗೆ ಇಳಿದಾಗ ನಾನು ನಗಲಿಲ್ಲ.

ಇನ್ನು ರೈಲು. ಬ್ರಿಟಿಷರು ಎಷ್ಟೇ ಕೆಟ್ಟವರಾದರೂ ರೈಲು ಕೊಟ್ಟು ಹೋದರಲ್ಲ ಎನ್ನುವ ಮಾತು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಕೊರಿಯಾದಲ್ಲೂ ಜಪಾನೀಯರ ಬಗ್ಗೆ ಇದೇ ವಾದ ಕೇಳಿಬರುತ್ತದೆ. ಅಲ್ಲಿ ಮೊದಲ ರೈಲು ಓಡಿದ್ದು 1899ರಲ್ಲಿ, ಇಂಚಿಯೋನ್ ಕಡೆಯಿಂದ ಸೋಲ್‌ನ ಅಂಚಿಗೆ. 1905ರ ಹೊತ್ತಿಗೆ ಸೋಲ್‌ನಿಂದ ಬುಸಾನ್‌ಗೆ ಹಳಿ ಬಿತ್ತು. ದೇಶವನ್ನು ಜಪಾನ್ ಪೂರ್ತಿ ನುಂಗಿದ್ದು 1910ರಲ್ಲಿ. ಅಂದರೆ ಹಳಿ ಮೊದಲು, ಆಳ್ವಿಕೆ ಆಮೇಲೆ. ಹಳಿಗಾಗಿ ರೈತರ ಗದ್ದೆ ಹೋಯಿತು, ಊರವರನ್ನು ಬಲವಂತದಿಂದ ಕೂಲಿಗೆ ಎಳೆದರು. ರೈಲು ಸಾಗಿಸಿದ್ದು ಅಕ್ಕಿಯನ್ನು, ಸೈನಿಕರನ್ನು. ಉತ್ತರಕ್ಕೆ ಮಂಚೂರಿಯಾದವರೆಗೆ.

ಹ್ವಾಂಗ್ ಇದನ್ನು ಭಾಷಣವಾಗಿಸುವುದಿಲ್ಲ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರ ನಡುವೆ ಇಡುತ್ತಾರೆ. ಅಣ್ಣ ಎಂಜಿನ್ ಡ್ರೈವರ್ ಆಗುತ್ತಾನೆ. ಆ ಕಾಲಕ್ಕೆ ಕೊರಿಯನ್ನನೊಬ್ಬನಿಗೆ ಅದು ಸಣ್ಣ ಮರ್ಯಾದೆಯಲ್ಲ. ತಮ್ಮ ಭೂಗತ ಕಾರ್ಮಿಕ ಸಂಘಟನೆಗೆ ಸೇರಿ, ಸಿಕ್ಕಿಬಿದ್ದು, ಜೈಲಿನಲ್ಲಿ ಸಾಯುತ್ತಾನೆ. ಅಣ್ಣನ ಸಂಬಳದಿಂದ ಮನೆ ನಡೆಯುತ್ತದೆ. ತಮ್ಮನಿಂದ ಮನೆಗೆ ಪೊಲೀಸರು ಬರುತ್ತಾರೆ. ಯಾರು ಸರಿ ಎಂದು ತೀರ್ಪು ಕೊಡುವ ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇಲ್ಲ. ಅಣ್ಣನ ಹೆಂಡತಿ ಗುಮ್-ಇಗೆ ಮುಂದಾಗುವುದು ಮೊದಲೇ ಕಾಣುತ್ತದೆ. ಆದರೂ ಅವಳು ಅಕ್ಕಿ ತೊಳೆಯುತ್ತಲೇ ಇರಬೇಕು. ಕಂಡರೂ ತಡೆಯಲಾಗದ ಶಕ್ತಿ ಎಂಥ ಶಕ್ತಿ!

ಕಾದಂಬರಿಯ ಅತ್ಯಂತ ಕಹಿಯಾದ ಭಾಗ ಪೊಲೀಸರದ್ದು. ಕಾರ್ಮಿಕರನ್ನು ಹಿಡಿದು ಹಿಂಸಿಸುವ ಪತ್ತೇದಾರ ಜಪಾನಿನವನಲ್ಲ, ಕೊರಿಯನ್. ಜಪಾನಿ ಹೆಸರು ಇಟ್ಟುಕೊಂಡಿರುವವನು, ಅಷ್ಟೆ. 1945ರಲ್ಲಿ ಜಪಾನ್ ಸೋಲುತ್ತದೆ, ದಕ್ಷಿಣಕ್ಕೆ ಅಮೆರಿಕದ ಸೇನಾಡಳಿತ ಬರುತ್ತದೆ, ಪೊಲೀಸ್ ಠಾಣೆಗಳಲ್ಲಿ ಅದೇ ಜನ ಮುಂದುವರಿಯುತ್ತಾರೆ. ಇದು ಚರಿತ್ರೆಯೂ ಹೌದು. ಈ ಪುಟಗಳಲ್ಲಿ ಯಾವುದಾದರೂ ಪ್ರೇತ ಬಂದು ಅವನ ಕತ್ತು ಹಿಸುಕಬಾರದೇ ಅಂತ ನಾನು ಹಾರೈಸಿದ್ದು ನಿಜ. ನನ್ನ ನೆನಪಿನಲ್ಲಿ ಉಳಿದ ಪ್ರೇತಗಳೆಲ್ಲ ಮನೆಯವರ ಬಳಿಗೇ ಬರುವಂಥವು. ಅವರಿಗೆ ಸೇಡಿಗಿಂತ ಮಕ್ಕಳು ಉಂಡರಾ ಎನ್ನುವುದೇ ಮುಖ್ಯ.

ಪುಸ್ತಕ ಕೆಲವೆಡೆ ಎಳೆಯುತ್ತದೆ. ಸಂಘಟನೆಯ ಗುಪ್ತಸಭೆಗಳು, ಯಾರು ಯಾರಿಗೆ ಚೀಟಿ ಕೊಟ್ಟರು ಇತ್ಯಾದಿ ಬಂದಾಗ ನಾನು ಪುಟ ಹಾರಿಸಿದ್ದೇನೆ. ಹ್ವಾಂಗ್‌ಗೆ ಆ ವಿವರಗಳನ್ನು ಬಿಡಲು ಮನಸ್ಸಿಲ್ಲ, ಅದಕ್ಕೆ ಕಾರಣವೂ ಇದೆ. ಅವರು ಹುಟ್ಟಿದ್ದು 1943ರಲ್ಲಿ ಮಂಚೂರಿಯಾದಲ್ಲಿ, ಬೆಳೆದದ್ದು ಕಾದಂಬರಿಯ ರೈಲ್ವೆ ಬಡಾವಣೆಯಾದ ಯೊಂಗ್‌ದುಂಗ್‌ಪೊದಲ್ಲೇ. 1989ರಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ ಬಂದದ್ದಕ್ಕೆ ದೇಶದ ಹೊರಗೆ ಅಲೆದು, 1993ರಲ್ಲಿ ಹಿಂತಿರುಗಿ ಜೈಲು ಸೇರಿದರು. ಹೊರಬಂದದ್ದು 1998ರಲ್ಲಿ. ಸೊರಾ ಕಿಮ್-ರಸೆಲ್ ಮತ್ತು ಯಂಗ್‌ಜೆ ಜೋಸೆಫೀನ್ ಬೆ ಅವರ ಇಂಗ್ಲಿಷ್ ಅನುವಾದ 2024ರ ಅಂತರರಾಷ್ಟ್ರೀಯ ಬೂಕರ್‌ನ ಕೊನೆಯ ಸುತ್ತಿಗೆ ಬಂದಿತ್ತು.

ಶೀರ್ಷಿಕೆಯ 'ಮೇಟರ್ 2-10' ಒಂದು ಉಗಿ ಎಂಜಿನ್ನಿನ ಹೆಸರು, ಗುಡ್ಡಗಾಡಿನಲ್ಲಿ ಭಾರ ಎಳೆಯಲೆಂದು ಮಾಡಿದ್ದು. 1950ರ ಡಿಸೆಂಬರ್ ಕೊನೆಯ ದಿನ, ಯುದ್ಧದ ನಡುವೆ, ಗಡಿಯ ಹತ್ತಿರ ಜಂಗ್‌ದಾನ್ ನಿಲ್ದಾಣದಲ್ಲಿ ಗುಂಡಿನ ಮಳೆಗೆ ಸಿಕ್ಕಿ ನಿಂತುಹೋಯಿತು. ಅರ್ಧ ಶತಮಾನ ಸೇನಾರಹಿತ ವಲಯದಲ್ಲೇ ತುಕ್ಕು ಹಿಡಿಯಿತು. ಈಗ ಇಮ್‌ಜಿನ್‌ಗಾಕ್‌ನಲ್ಲಿ ಇಟ್ಟಿದ್ದಾರೆ, ಮೈಮೇಲೆ ಸಾವಿರಕ್ಕೂ ಹೆಚ್ಚು ಗುಂಡಿನ ತೂತುಗಳು. ಅದು ಓಡುತ್ತಿದ್ದ ಮಾರ್ಗದಲ್ಲಿ 2007ರ ಮೇ ತಿಂಗಳಲ್ಲಿ ಪ್ರಯೋಗಕ್ಕೆಂದು ಒಂದು ರೈಲು ಗಡಿ ದಾಟಿತ್ತು. ಈಗ ಯಾವ ರೈಲೂ ದಾಟುವುದಿಲ್ಲ. ತುಕ್ಕು ಹಿಡಿಯುತ್ತಾ ನಿಂತಿದ್ದ ಕಾಲದಲ್ಲಿ ಎಂಜಿನ್ನಿನ ಮೇಲೇ ಒಂದು ಹಿಪ್ಪುನೇರಳೆ ಗಿಡ ಹುಟ್ಟಿ ಬೆಳೆದಿತ್ತು. ಅದನ್ನೂ ತಂದು ಪಕ್ಕದಲ್ಲೇ ನೆಟ್ಟಿದ್ದಾರೆ.