ದೀಪ ಆರುವ ಸಂತೋಷ

ಹಳೆಯ ಅಂಬಾಸಿಡರಿನ ಬಾನೆಟ್ ಎತ್ತಿದರೆ ಸಾಕು, ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೈಯಾಡಿಸಲು ಧಾರಾಳ ಜಾಗ, ಪ್ರತಿಯೊಂದು ವಯರೂ ಕಣ್ಣಿಗೆ ಕಾಣುತ್ತದೆ. ಅದರಲ್ಲೂ ಡೈನಮೋ ಕಳಚಿ, ಆಲ್ಟರ್ನೇಟರ್ ಕೂರಿಸಿ ವಯರಿಂಗ್ ಮಾಡುವ ಕೆಲಸವೆಂದರೆ ನನಗೆ ಹಬ್ಬ.

ಕಾರ್ಕಳದ ಮಳೆ ಕಂಡವರಿಗೆ ಈ ಬದಲಾವಣೆಯ ಅಗತ್ಯ ಬಿಡಿಸಿ ಹೇಳಬೇಕಾಗಿಲ್ಲ. ಆಟಿ ತಿಂಗಳ ಮಳೆಯಲ್ಲಿ ಬಜಗೋಳಿ ದಾಟಿ ಮಾಳದ ಘಾಟಿ ಹತ್ತುವಾಗ ಹಗಲಲ್ಲೂ ಹೆಡ್‌ಲೈಟ್ ಬೇಕು, ವೈಪರ್ ನಿಲ್ಲುವಂತಿಲ್ಲ. ಹೆಡ್‌ಲೈಟುಗಳೇ ಸುಮಾರು 10 ಆಂಪಿಯರ್ ಎಳೆಯುತ್ತವೆ. ಗಾಡಿಯೋ ನಿಧಾನ. ಇಂಜಿನ್ ನಿಧಾನಕ್ಕೆ ಓಡಿದಾಗ ಡೈನಮೋ ಕೊಡುವುದು ಅಷ್ಟಕ್ಕಷ್ಟೆ. ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು.

ಡೈನಮೋ, ಆಲ್ಟರ್ನೇಟರ್ ಎರಡರ ಮೂಲವೂ 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ವ. ಆದರೆ ಡೈನಮೋದಲ್ಲಿ ವಿದ್ಯುತ್ತು ಹುಟ್ಟುವ ಸುರುಳಿಯೇ ತಿರುಗಬೇಕು. ಹುಟ್ಟಿದ ಕರೆಂಟೆಲ್ಲ ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಬರಬೇಕು. ಆಲ್ಟರ್ನೇಟರಿನಲ್ಲಿ ತಿರುಗುವುದು ವಿದ್ಯುತ್ಕಾಂತದ ಸುರುಳಿ, ವಿದ್ಯುತ್ತು ಹುಟ್ಟುವ ಸುರುಳಿ ಸ್ಥಿರ. ಬ್ರಷ್‌ಗಳಿಗೆ ಕೆಲವೇ ಆಂಪಿಯರಿನ ಹೊರೆ. ಹಾಗಾಗಿ ಚಿಕ್ಕ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಇಂಜಿನ್ ನಿಧಾನಕ್ಕೆ ಓಡುವಾಗಲೂ ಚಾರ್ಜ್ ಸಿಗುತ್ತದೆ. ಹುಟ್ಟುವ ಎಸಿಯನ್ನು ಒಳಗಿನ ಡಯೋಡುಗಳು ಡಿಸಿ ಮಾಡಿ ಕೊಡುತ್ತವೆ.

ಕೆಲಸಕ್ಕೆ ಕೈಹಾಕಿದಾಗ ಮೊದಲು ಬ್ಯಾಟರಿ ವಯರು ಕಳಚುತ್ತೇನೆ. ಆಮೇಲೆ ಅರ್ತ್ ಯಾವುದೆಂದು ನೋಡುತ್ತೇನೆ. ಹಳೆಯ ಬ್ರಿಟಿಷ್ ವಿನ್ಯಾಸದ ಹಲವು ಗಾಡಿಗಳಲ್ಲಿ ಗಾಡಿಯ ಲೋಹದ ಮೈಗೆ ಬ್ಯಾಟರಿಯ ಪಾಸಿಟಿವ್ ಕೊಟ್ಟಿರುತ್ತಿದ್ದರು. ಅಲ್ಲಿಗೆ ನೆಗೆಟಿವ್ ಅರ್ತಿನ ಆಲ್ಟರ್ನೇಟರ್ ಹಾಗೆಯೇ ಜೋಡಿಸಿದರೆ ಡಯೋಡುಗಳು ಆ ಕ್ಷಣವೇ ಸುಟ್ಟುಹೋಗುತ್ತವೆ. ಇನ್ನು ಡೈನಮೋದ ಕಟೌಟ್ ಪೆಟ್ಟಿಗೆ, ಅಂದರೆ ಹಳೆಯ ರೆಗ್ಯುಲೇಟರ್. ಹೊಸ ಯಂತ್ರದ ರೆಗ್ಯುಲೇಟರ್ ಅದರ ಹೊಟ್ಟೆಯಲ್ಲೇ ಇರುವುದರಿಂದ ಈ ಪೆಟ್ಟಿಗೆಗೆ ಕೆಲಸವಿಲ್ಲ. ಲೂಕಾಸ್ ಕಂಪನಿಯ ಬಣ್ಣದ ಪದ್ಧತಿಯಲ್ಲಿ ಕಂದು ಬಣ್ಣದ ಮೇಲೆ ಹಸಿರು ಗೆರೆಯ ವಯರು ಡೈನಮೋದ ಫೀಲ್ಡ್ ಸುರುಳಿಯದು. ಅದರ ತುದಿಗೆ ಟೇಪು ಸುತ್ತಿ ಬದಿಗಿಡುತ್ತೇನೆ. ಬಣ್ಣ ಮಾಸಿದ್ದರೆ ಮಲ್ಟಿಮೀಟರ್ ಹಿಡಿದು ಒಂದೊಂದೇ ವಯರಿನ ಜಾಡು ಹುಡುಕುವುದು. ಅವಸರವಿಲ್ಲದ ಈ ಹುಡುಕಾಟವೇ ಕೆಲಸದ ಅರ್ಧ ಸುಖ.

ಸುಮಾರು 20 ಆಂಪಿಯರಿಗೆಂದು ಎಳೆದ ಹಳೆಯ ವಯರು 45 ಆಂಪಿಯರಿನ ಯಂತ್ರಕ್ಕೆ ಸಾಲದು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ತಾಮ್ರದ ಹೊಸ ವಯರು, ನಡುವೆ ಫ್ಯೂಸು. ನಮ್ಮ ತೇವಕ್ಕೆ ತಾಮ್ರವೂ ಹಸಿರುಗಟ್ಟುವುದರಿಂದ ತುದಿಗಳನ್ನು ಗಟ್ಟಿಯಾಗಿ ಅದುಮಿ, ಗಾಳಿಯಾಡದಂತೆ ಮುಚ್ಚುತ್ತೇನೆ. ಅರ್ತ್ ಕೊಡುವಲ್ಲಿ ತುಕ್ಕು, ಬಣ್ಣ ಎರಡನ್ನೂ ಉಜ್ಜಿ ಬಿಳಿ ಲೋಹ ಕಾಣಿಸಬೇಕು. “ಅರ್ತ್ ಒಂದು ಸರಿ ಮಾಡಿ ಮಾರಾಯ್ರೇ, ಅರ್ಧ ತೊಂದರೆ ಅಲ್ಲಿಗೇ ಮುಗೀತದೆ” ಎಂದು ಊರಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಹೇಳುತ್ತಿದ್ದರು. ಪೇಟೆಯ ಯಾವ ಗ್ಯಾರೇಜಿನಲ್ಲೂ ನಾನು ಇದಕ್ಕಿಂತ ಒಳ್ಳೆಯ ಪಾಠ ಕೇಳಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡ್ಯಾಶ್‌ಬೋರ್ಡಿನ ಕೆಂಪು ದೀಪದ ವಯರು. ಅದು ಬರೀ ಎಚ್ಚರಿಕೆಯ ದೀಪವಲ್ಲ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಅಲ್ಪ ಕರೆಂಟು ಆ ಬಲ್ಬಿನ ಮೂಲಕವೇ ಹಾದು ತಿರುಗುವ ಸುರುಳಿಗೆ ಮೊದಲ ಕಾಂತಶಕ್ತಿ ಕೊಡುತ್ತದೆ. ಬಲ್ಬು ಸುಟ್ಟಿದ್ದರೆ ಎಷ್ಟೋ ಆಲ್ಟರ್ನೇಟರುಗಳು ಏಳುವುದೇ ಇಲ್ಲ. ಯಂತ್ರ ಎದ್ದ ಮೇಲೆ ಬಲ್ಬಿನ ಎರಡೂ ಬದಿಗೆ ಒಂದೇ ವೋಲ್ಟೇಜು. ಕರೆಂಟು ಹರಿಯಲು ಕಾರಣವೇ ಇಲ್ಲದೆ ದೀಪ ಆರುತ್ತದೆ.

ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಬಿಗಿ ನೋಡಿ ಇಂಜಿನ್ ಚಾಲೂ ಮಾಡುತ್ತೇನೆ. ಹೆಡ್‌ಲೈಟ್, ವೈಪರ್ ಎರಡೂ ಹಾಕಿದ ಮೇಲೂ ಮೀಟರು 14 ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ಕೆಲಸ ಗೆದ್ದಂತೆ. ವಿದ್ಯುತ್ತನ್ನು ಯಾರೂ ಕಂಡವರಿಲ್ಲ. ಆದರೂ ಅದು ಹುಟ್ಟುವ ಜಾಗದಿಂದ ಮರಳುವ ಜಾಗದವರೆಗಿನ ದಾರಿಯನ್ನು ನನ್ನ ಕೈಯಿಂದಲೇ ಹಾಕಬಹುದು, ಹಾಕಿದ್ದು ಸರಿಯೋ ತಪ್ಪೋ ಎಂದು ಅಲ್ಲೇ ತಿಳಿಯಬಹುದು. ಊಹೆಗೆ ಎಡೆಯಿಲ್ಲದ ಈ ಖಚಿತತೆಗಾಗಿಯೇ ನಾನು ಸ್ಪ್ಯಾನರ್ ಹಿಡಿಯುತ್ತೇನೆ.