‘ಎಲೆ ಬೀಳಲಿಲ್ಲ’ ಅನ್ನೋ ಹಾಗಿಲ್ಲ!

ಇಸ್ಪೀಟು ಆಡಿ ಸೋತವರ ಹತ್ತಿರ ಯಾವತ್ತೂ ಒಂದು ನೆಪ ರೆಡಿ ಇರುತ್ತೆ: ‘ಇವತ್ತು ಎಲೆ ಬೀಳಲಿಲ್ಲ ಕಣ್ರೀ.’ ರಮ್ಮಿಯಲ್ಲಿ ಜೋಕರ್ ಬರಲಿಲ್ಲ, ಇಪ್ಪತ್ತೆಂಟರಲ್ಲಿ ಗುಲಾಮ ಬರಲಿಲ್ಲ. ತಪ್ಪೆಲ್ಲ ಎಲೆಯದ್ದು, ನಮ್ಮದೇನೂ ಇಲ್ಲ. ಕ್ಲಬ್ಬುಗಳಲ್ಲಿ ಆಡುವ ಡೂಪ್ಲಿಕೇಟ್ ಬ್ರಿಡ್ಜ್ ಈ ನೆಪವನ್ನೇ ಕಿತ್ತುಕೊಂಡುಬಿಡುತ್ತೆ.

ಹೇಗೆ ಅಂತೀರಾ? ಬ್ರಿಡ್ಜ್‌ನಲ್ಲಿ ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. 52 ಎಲೆ, ಒಬ್ಬೊಬ್ಬರಿಗೆ 13. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್. ಹಾಕಿದ ಎಲೆಯನ್ನು ಗುಡ್ಡೆ ಮಾಡುವುದಿಲ್ಲ. ಅವರವರ ಎಲೆ ಅವರವರ ಮುಂದೆಯೇ ಇರುತ್ತೆ. ಆಟ ಮುಗಿದ ಮೇಲೆ ಅದನ್ನು ನಾಲ್ಕು ಜೇಬುಗಳಿರುವ ‘ಬೋರ್ಡ್’ ಎಂಬ ತಟ್ಟೆಗೆ ಸೇರಿಸಿ ಪಕ್ಕದ ಟೇಬಲ್ಲಿಗೆ ಕಳಿಸ್ತಾರೆ. ಅಲ್ಲಿ ಕೂತವರೂ ಅದೇ ಎಲೆಗಳನ್ನು ಆಡಬೇಕು. ಕೊನೆಗೆ, ನೀವು ಕೂತ ದಿಕ್ಕಿನಲ್ಲಿ, ನಿಮ್ಮದೇ ಎಲೆ ಹಿಡಿದ ಬೇರೆಯವರು ಎಷ್ಟು ಗಳಿಸಿದರು ಅಂತ ನೋಡಿ ಅಂಕ ಕೊಡ್ತಾರೆ. ಕೆಟ್ಟ ಎಲೆ ಬಂದರೆ ಎಲ್ಲರಿಗೂ ಕೆಟ್ಟದ್ದೇ. ಆ ಕೆಟ್ಟದ್ದರಲ್ಲಿ ನೀವೇನು ಮಾಡಿದಿರಿ ಅನ್ನೋದಷ್ಟೇ ಲೆಕ್ಕ.

ನನಗೆ ಈ ಆಟ ಹಿಡಿಸಿದ್ದು ಇದೊಂದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ‘ಇಸ್ಪೀಟು’ ಅನ್ನೋದು ಆಟದ ಹೆಸರಲ್ಲ, ಬೈಗುಳ. ಅಮ್ಮನ ತವರು ಸಾಗರದ ಕಡೆ. ಅಮ್ಮ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಜ್ಜ ಅಂದರ್-ಬಾಹರ್‌ನಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಕಳೆದರು. ಅಜ್ಜಿಯ ಅವಲಕ್ಕಿ ಸರವೂ ಹೋಯಿತು. ಆಮೇಲೆ ಇಪ್ಪತ್ತು ವರ್ಷ ಬದುಕಿದ್ದ ಅಜ್ಜ ಒಂದು ದಿನವೂ ‘ನನ್ನಿಂದ ಆಯಿತು’ ಅನ್ನಲಿಲ್ಲವಂತೆ. ‘ಎಲೆ ಬೀಳಲಿಲ್ಲ’ ಅಂತಲೇ ಹೇಳಿಕೊಂಡು ಹೋದರು. ಅಮ್ಮನಿಗೆ ತೋಟಕ್ಕಿಂತ ಆ ಮಾತೇ ಹೆಚ್ಚು ನೋವು.

ಹಾಗಾಗಿ ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಕ್ಲಬ್ಬಿಗೆ ಸೇರಿದ ವಾರವೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ದುಡ್ಡು ಕಟ್ಟಿ ಆಡೋದಲ್ಲ, ಟೇಬಲ್ ಫೀಸು ಕೊಟ್ಟರೆ ಕಾಫಿಯೂ ಸೇರಿರುತ್ತೆ ಅಂದೆ. ಅಮ್ಮ ಮಾತಾಡಲಿಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಬ್ರಿಡ್ಜ್‌ಗೆ ನಮ್ಮ ದೇಶಕ್ಕೆ ಚಿನ್ನ ಬಂದಿದೆ, ಗೆದ್ದ ಪ್ರಣಬ್ ಬರ್ಧನ್ ಅವರಿಗೆ ಆಗ 60 ವರ್ಷ, ಜೋಡಿಯಾಗಿ ಆಡಿದ ಶಿಬನಾಥ್ ಸರ್ಕಾರ್ ಅವರಿಗೆ 56 ಅಂತೆಲ್ಲ ಹೇಳಿದೆ. ಅಮ್ಮ ಅಂದಿದ್ದು ಇಷ್ಟೇ: ‘ಇಸ್ಪೀಟಿನಿಂದ ಚಿನ್ನ ಹೋಗಿದ್ದು ನೋಡಿದೀನಿ ಮಾರಾಯ್ತಿ, ಬಂದಿದ್ದು ಕೇಳಿದ್ದು ಇದೇ ಮೊದಲು.’ ಫೋನ್ ಇಟ್ಟರು.

ಕ್ಲಬ್ಬಿನಲ್ಲಿ ನನ್ನ ಪಾರ್ಟ್ನರ್ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಎಪ್ಪತ್ತು ದಾಟಿದೆ. ಅವರ ಜೊತೆ ಆಡಿದ ಮೂರು ಕೈಗಳನ್ನು ಇಲ್ಲಿ ಹೇಳ್ತೀನಿ. ಕ್ಲಬ್ಬಿನಲ್ಲಿ ಸ್ಪೇಡ್, ಹಾರ್ಟ್ ಅಂತಾರೆ. ನಾನು ನಮ್ಮ ಕಡೆಯ ಇಸ್ಪೀಟು, ಆಟೀನು, ಡೈಮನ್, ಕಳಾವರನ್ನೇ ಬಳಸ್ತೀನಿ.

ಮೊದಲ ಕೈ: ಎಕ್ಕ ಇದೆ ಅಂತ ಎಸೆಯಬೇಡಿ

ಮೇಷ್ಟ್ರು ‘3 ನೋ ಟ್ರಂಪ್’ ಆಡಬೇಕಿತ್ತು. ಅಂದರೆ ತುರುಪು ಇಲ್ಲದೆ 13ರಲ್ಲಿ 9 ಟ್ರಿಕ್ ಗೆಲ್ಲಬೇಕು. ಆಟ ವಹಿಸಿಕೊಂಡವರ ಪಾರ್ಟ್ನರ್ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಿರಬೇಕು. ಅವರಿಗೆ ‘ಡಮ್ಮಿ’ ಅಂತಾರೆ. ಆ ದಿನ ಡಮ್ಮಿ ನಾನು. ಎಡಗಡೆಯವರು ಆಟೀನಿನ ರಾಜನನ್ನು ಹಾಕಿದರು. ಮೇಷ್ಟ್ರ ಕೈಯಲ್ಲಿ ಆಟೀನಿನ ಎಕ್ಕ ಮತ್ತು ಎರಡು ಸಣ್ಣ ಎಲೆ, ನನ್ನದರಲ್ಲಿ ಸಣ್ಣವು ಎರಡೇ.

ಅವರು ತಕ್ಷಣ ಎಲೆ ಹಾಕಲಿಲ್ಲ. ಇಸ್ಪೀಟಿನಲ್ಲಿ ಎಕ್ಕ-ರಾಜ, ಎರಡು. ಡೈಮನ್‌ನಲ್ಲಿ ಎಕ್ಕ-ರಾಜ, ಎರಡು. ಆಟೀನಿನ ಎಕ್ಕ, ಒಂದು. ಐದಾಯಿತು. ಕಳಾವರಿನಲ್ಲಿ ನನ್ನದು ಐದು ಎಲೆ, ಅವರದ್ದು ಮೂರು. ರಾಜನೊಬ್ಬ ಬಿಟ್ಟು ದೊಡ್ಡದೆಲ್ಲ ನಮ್ಮದೇ. ರಾಜನಿಗೆ ಒಂದು ಟ್ರಿಕ್ ಹೋದರೂ ನಾಲ್ಕು ಸಿಗುತ್ತೆ. ಐದು ಮತ್ತು ನಾಲ್ಕು, ಒಂಬತ್ತು. ಲೆಕ್ಕ ಸರಿ ಇದೆ. ಆದರೆ ಕಳಾವರಿನ ರಾಜ ಬಲಗಡೆಯವರಲ್ಲಿದ್ದು, ಅವರು ಗೆದ್ದು ಮತ್ತೆ ಆಟೀನು ಆಡಿದರೆ?

ಎದುರಾಳಿಗಳ ಹತ್ತಿರ ಆಟೀನು ಎಂಟು. ಐದು-ಮೂರು ಹಂಚಿಕೆ ಆಗಿರಬಹುದು. ಮೇಷ್ಟ್ರು ಮೊದಲ ಸುತ್ತು ಬಿಟ್ಟರು. ಎರಡನೆಯದನ್ನೂ ಬಿಟ್ಟರು. ಮೂರನೆಯದಕ್ಕೆ ಎಕ್ಕ ಹಾಕಿದರು. ಅಷ್ಟರಲ್ಲಿ ಬಲಗಡೆಯವರ ಆಟೀನು ಖಾಲಿ. ಆಮೇಲೆ ಅವರು ಕಳಾವರಿನ ರಾಜನಿಂದ ಗೆದ್ದರೂ ಗೆಳೆಯನಿಗೆ ಆಟೀನು ಕೊಡೋಕೆ ಎಲೆಯೇ ಇಲ್ಲ. ಎಡಗಡೆಯವರ ಕೈಯಲ್ಲಿ ಗೆಲ್ಲುವ ಎರಡು ಆಟೀನು ಹಾಗೇ ಉಳಿದವು. ನಮಗೆ 9.

ಪಕ್ಕದ ಟೇಬಲ್ಲಿನಲ್ಲಿ ಅದೇ ಎಲೆ, ಅದೇ ಕಾಂಟ್ರಾಕ್ಟ್. ಮೊದಲ ಸುತ್ತಿನಲ್ಲೇ ಎಕ್ಕ ಹಾಕಿ, ನಾಲ್ಕು ಆಟೀನು ಮತ್ತು ಕಳಾವರಿನ ರಾಜನಿಗೆ ಸೇರಿ ಐದು ಟ್ರಿಕ್ ಕೊಟ್ಟು ಒಂದರಲ್ಲಿ ಸೋತಿದ್ದರು. ‘ನೋಡಮ್ಮ, ಡಮ್ಮಿ ಬಿಚ್ಚಿದ ತಕ್ಷಣ ಮೊದಲ ಎಲೆ ಹಾಕೋಕೆ ಮುಂಚೆ ಎಣಿಸ್ಬೇಕು. ಬಹಳ ಆಟ ಅಲ್ಲೇ ತೀರ್ಮಾನ ಆಗಿಬಿಡುತ್ತೆ’ ಅಂದರು ಮೇಷ್ಟ್ರು.

ಎರಡನೇ ಕೈ: ಮೂವತ್ತೆಂಟು ಮಾತಿನ ಭಾಷೆ

ಆಟಕ್ಕೆ ಮುಂಚೆ ಬಿಡ್ಡಿಂಗ್ ಇರುತ್ತೆ. 1ರಿಂದ 7ರವರೆಗೆ, ನಾಲ್ಕು ಬಣ್ಣ ಮತ್ತು ನೋ ಟ್ರಂಪ್: ಒಟ್ಟು 35 ಬಿಡ್. ಜೊತೆಗೆ ಪಾಸ್, ಡಬಲ್, ರೀಡಬಲ್. 38 ಮಾತಷ್ಟೇ. ಹುಬ್ಬು ಹಾರಿಸೋದು, ದನಿ ಏರಿಸೋದು ಎಲ್ಲ ನಿಷಿದ್ಧ. ಅದಕ್ಕೇ ಬಾಯಲ್ಲಿ ಹೇಳದೆ ಪೆಟ್ಟಿಗೆಯಿಂದ ಕಾರ್ಡ್ ತೆಗೆದು ಇಡ್ತಾರೆ.

ಕೈಯ ಬಲ ಅಳೆಯೋಕೆ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಪಾಯಿಂಟ್. ಇಡೀ ಕಟ್ಟಿನಲ್ಲಿ 40. ಜೋಡಿಯ ಹತ್ತಿರ 25 ಇದ್ದರೆ ‘ಗೇಮ್’ಗೆ ಹೋಗಬಹುದು ಅನ್ನೋದು ವಾಡಿಕೆಯ ಲೆಕ್ಕ. ಮೇಷ್ಟ್ರು ‘1 ನೋ ಟ್ರಂಪ್’ ಅಂದರು: 15ರಿಂದ 17 ಪಾಯಿಂಟ್, ಸಮತೋಲದ ಕೈ. ನನ್ನಲ್ಲಿ 10. ನೇರವಾಗಿ ‘3 ನೋ ಟ್ರಂಪ್’ ಅಂದುಬಿಡಬಹುದಿತ್ತು. ಆದರೆ ನನ್ನಲ್ಲಿ ನಾಲ್ಕು ಇಸ್ಪೀಟು, ಡೈಮನ್ ಎರಡೇ, ಅವೂ ಸಣ್ಣವು. ‘2 ಕಳಾವರು’ ಅಂದೆ. ಇದು ಕಳಾವರಿನ ಮಾತಲ್ಲ. ಸ್ಟೇಮನ್ ಎಂಬ ಪ್ರಶ್ನೆ: ‘ಆಟೀನು ಅಥವಾ ಇಸ್ಪೀಟು ನಾಲ್ಕಿವೆಯಾ?’ ಮೇಷ್ಟ್ರು ‘2 ಇಸ್ಪೀಟು’ ಅಂದರು. ಇಬ್ಬರದ್ದೂ ಸೇರಿ ಎಂಟು. ತುರುಪಿಗೆ ಎಂಟು ಎಲೆ ಸಾಕು. ‘4 ಇಸ್ಪೀಟು’ ಅಂದೆ.

ಡಮ್ಮಿ ಬಿಚ್ಚಿದಾಗ ಗೊತ್ತಾಯಿತು, ಮೇಷ್ಟ್ರ ಮೂರು ಡೈಮನ್‌ಗಳೂ ಸಣ್ಣವೇ. ಎಕ್ಕ, ರಾಜ, ರಾಣಿ, ಗುಲಾಮ ನಾಲ್ಕೂ ಆಚೆ. ಎದುರಾಳಿಗಳು ಎರಡು ಡೈಮನ್ ಗೆದ್ದರು. ಮೂರನೆಯದಕ್ಕೆ ಡಮ್ಮಿಯ ತುರುಪು ಬಿತ್ತು. ಆಟೀನಿನ ಎಕ್ಕವೊಂದು ಅವರಿಗೆ. ನಮಗೆ ಬೇಕಾದ 10 ಬಂತು. ನೋ ಟ್ರಂಪ್‌ಗೆ ಹೋದ ಟೇಬಲ್ಲುಗಳಲ್ಲಿ ಐದು ಡೈಮನ್ ಸಾಲಾಗಿ ಹೋಗಿದ್ದವು. ಅವರಿಗೂ 26 ಪಾಯಿಂಟ್, ನಮಗೂ 26. ನಾವು ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ವಿ, ಅಷ್ಟೇ ವ್ಯತ್ಯಾಸ.

ಮೂರನೇ ಕೈ: ಪಾಸ್ ಕೂಡ ಒಂದು ಮಾತು

ಈ ಸಲ ‘4 ಇಸ್ಪೀಟು’ ಆಡಬೇಕಾದವಳು ನಾನು. ಮೂರು ಟ್ರಿಕ್‌ವರೆಗೆ ಬಿಡಬಹುದು. ಎಡಗಡೆಯವರು ಆಟೀನಿನ ರಾಜ, ಎಕ್ಕ, ಆಮೇಲೆ ಕಳಾವರಿನ ಎಕ್ಕದಲ್ಲಿ ಮೂರನ್ನೂ ಗೆದ್ದಾಗಿತ್ತು. ಉಳಿದಿದ್ದು ಒಂದೇ ತಲೆನೋವು: ತುರುಪಿನ ರಾಣಿ ಯಾರ ಹತ್ತಿರ? ಎಕ್ಕ-ಗುಲಾಮ ನನ್ನಲ್ಲಿ, ರಾಜ-ಹತ್ತು ಡಮ್ಮಿಯಲ್ಲಿ. ಎಡಗಡೆ ಇದ್ದರೂ ಹಿಡಿಯಬಹುದು, ಬಲಗಡೆ ಇದ್ದರೂ ಹಿಡಿಯಬಹುದು; ಎಲ್ಲಿದೆ ಅಂತ ಗೊತ್ತಿರಬೇಕು. ಮೇಲುನೋಟಕ್ಕೆ ಅರ್ಧಕ್ಕರ್ಧ ಅವಕಾಶ.

ಮೇಷ್ಟ್ರು ಕಲಿಸಿದ ಹಾಗೆ ಬಿಡ್ಡಿಂಗ್ ನೆನೆಸಿಕೊಂಡೆ. ಎಲೆ ಹಂಚಿದವರು ಎಡಗಡೆಯವರೇ. ಮೊದಲ ಮಾತು ಅವರದ್ದು, ‘ಪಾಸ್’ ಅಂದಿದ್ದರು. 12-13 ಪಾಯಿಂಟ್ ಇದ್ದವರು ಸಾಮಾನ್ಯವಾಗಿ ಪಾಸ್ ಅನ್ನಲ್ಲ. ಈಗಾಗಲೇ ಅವರು ತೋರಿಸಿದ್ದು ಎರಡು ಎಕ್ಕ, ಒಂದು ರಾಜ: 11. ರಾಣಿಯೂ ಇದ್ದಿದ್ದರೆ 13, ಖಂಡಿತ ಬಿಡ್ ಮಾಡಿರೋರು. ಹಾಗಾದರೆ ರಾಣಿ ಬಲಗಡೆ. ಅದೇ ನಂಬಿಕೆಯ ಮೇಲೆ ಆಡಿದೆ. ಬಲಗಡೆಯ ರಾಣಿ ಸಿಕ್ಕಿತು.

ಮೇಷ್ಟ್ರು ಹೊಗಳಲಿಲ್ಲ. ‘ಅವರು ಏನು ಹೇಳಿದ್ರು ಅಂತ ಎಲ್ಲರೂ ಕೇಳಿಸ್ಕೊಳ್ತಾರೆ. ಏನು ಹೇಳಲಿಲ್ಲ ಅಂತಾನೂ ಕೇಳಿಸ್ಕೊಳ್ಬೇಕು’ ಅಂದು ಕಾಫಿ ಕುಡಿದರು. ಪಾರ್ಟ್ನರ್ ಎಡವಿದರೂ ಅವರು ಟೇಬಲ್ಲಿನಲ್ಲಿ ಬೈದದ್ದು ನಾನು ನೋಡಿಲ್ಲ. ‘ಮುಂದಿನ ಬೋರ್ಡ್‌ಗೂ ಅವರೇ ಪಾರ್ಟ್ನರ್ ಅಲ್ವೇನಮ್ಮ?’ ಅಂತಾರೆ.

ಆ ರಾತ್ರಿ ಮನೆಗೆ ಬರುವಾಗ ಅಮ್ಮನ ಮೌನದ ಬಗ್ಗೆ ಯೋಚಿಸಿದೆ. ಅಮ್ಮ ನನಗೆ ‘ಆಡಬೇಡ’ ಅಂತ ಒಂದು ಸಲವೂ ಹೇಳಿರಲಿಲ್ಲ. ‘ಎಷ್ಟು ಸೋತೆ’ ಅಂತಲೂ ಕೇಳಿರಲಿಲ್ಲ. ಹೆದರಿದವರು ಕೇಳದೆ ಇರುತ್ತಾರಾ? ಅಮ್ಮನಿಗೆ ದುಡ್ಡಿನ ಹೆದರಿಕೆ ಅಲ್ಲ, ನಾನೂ ಅಜ್ಜನ ಹಾಗೆ ಮಾತಾಡೋಕೆ ಶುರು ಮಾಡ್ತೀನಾ ಅನ್ನೋ ಹೆದರಿಕೆ ಅನ್ನಿಸ್ತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಒಂದು ಕಟ್ಟು ಎಲೆ ಒಯ್ದೆ. ಹೇಳಿಯೇ ಒಯ್ದೆ. ಮೂರನೇ ದಿನ ಮಧ್ಯಾಹ್ನ ಅಮ್ಮನೇ ಜಗಲಿಗೆ ಬಂದು ‘ಏನದು, ತೋರ್ಸು’ ಅಂದರು. ಚಿಕ್ಕಮ್ಮ, ಅವರ ಮಗ, ನಾನು, ಅಮ್ಮ ಕೂತೆವು. 13 ಎಲೆಯನ್ನು ಅಮ್ಮ ಬಣ್ಣ ಬಣ್ಣ ಬೇರೆ ಮಾಡಿ ಬೀಸಣಿಗೆ ಹಾಗೆ ಹಿಡಿದ ವೇಗಕ್ಕೆ ಚಿಕ್ಕಮ್ಮ ನಕ್ಕುಬಿಟ್ಟರು. ಅಜ್ಜನ ಪಕ್ಕ ಕೂತು ಕಲಿತದ್ದು ಬೆರಳು ಮರೆತಿರಲಿಲ್ಲ.

ಬಿಡ್ಡಿಂಗ್ ಬಿಟ್ಟು ಬರೀ ಆಟ ಆಡಿದೆವು. ಅಮ್ಮ 9 ಗೆಲ್ಲಬೇಕಿತ್ತು, 8 ಬಂತು. ‘ಸೋತ್ರೆ ಏನು ಕೊಡ್ಬೇಕು?’ ಅಂದರು. ‘ಏನೂ ಇಲ್ಲ. ಎಲೆ ಮತ್ತೆ ಬಿಚ್ಚಿ ಯಾಕಾಯ್ತು ಅಂತ ನೋಡ್ಬೇಕು, ಅಷ್ಟೇ’ ಅಂದೆ. ಅಮ್ಮ ಒಂದೊಂದೇ ಎಲೆ ತಿರುಗಿಸಿ ನೋಡಿದರು. ಬಹಳ ಹೊತ್ತಿನ ಮೇಲೆ, ‘ಎಲೆ ಚೆನ್ನಾಗೇ ಇತ್ತು. ನಾನೇ ಎಕ್ಕಾನ ಬೇಗ ಹಾಕ್ಬಿಟ್ಟೆ’ ಅಂದರು. ಚಿಕ್ಕಮ್ಮ ನಗೋದು ನಿಲ್ಲಿಸಿದರು. ಅಕ್ಕತಂಗಿಯರಿಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಿಮಗೂ ಕಲಿಯೋ ಮನಸ್ಸಿದ್ದರೆ ಬಿಡ್ಡಿಂಗ್ ಪುಸ್ತಕದಿಂದ ಶುರು ಮಾಡಬೇಡಿ. ನಾಲ್ಕು ಜನ ಸೇರಿ, ಎಲೆ ಹಂಚಿ, ಪಾಯಿಂಟ್ ಎಣಿಸಿ, ಹೆಚ್ಚು ಪಾಯಿಂಟ್ ಇರುವ ಜೋಡಿಗೆ ಆಟ ಕೊಟ್ಟು ಟ್ರಿಕ್ ಎಣಿಸೋದು ಕಲಿಯಿರಿ. ಒಂದು ತಿಂಗಳ ಮೇಲೆ ಬಿಡ್ಡಿಂಗ್ ತಾನೇ ಅರ್ಥವಾಗುತ್ತೆ. ಊರಿನ ಕ್ಲಬ್ಬಿನಲ್ಲಿ ವಿಚಾರಿಸಿ. ಆಡುವವರು ಹೆಚ್ಚಿನವರು ಹಿರಿಯರು, ಹೊಸಬರನ್ನು ಕಂಡರೆ ಖುಷಿಪಡ್ತಾರೆ. ಫೋನ್ ಸೈಲೆಂಟ್‌ನಲ್ಲಿಡಿ. ಒಂದು ಬೋರ್ಡ್‌ಗೆ ಏಳೆಂಟು ನಿಮಿಷ ಸಾಕು, ಮುಂದಿನದು ಬರೋದರೊಳಗೆ ಹಿಂದಿನದನ್ನು ಬಿಟ್ಟುಬಿಡಬೇಕು.