ಆರು ತೊಟ್ಟಿ, ಒಂದೇ ನೀರು

ಕೊಳತ್ತೂರೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನಿಗೆ ಕೊಳದ ನೆನಪಾಗದಿರದು. ಚೆನ್ನೈ ನಗರದ ವಾಯವ್ಯದಲ್ಲಿ, ರೆಟ್ಟೇರಿಯ ಸಮೀಪದಲ್ಲಿರುವ ಈ ಬಡಾವಣೆ ಅಲಂಕಾರದ ಮೀನುಗಳ ವ್ಯಾಪಾರಕ್ಕೆ ಹೆಸರಾದುದು. ಕಳೆದ ಬೇಸಗೆಯಲ್ಲಿ ನಾವು ದಂಪತಿಗಳು ಹೊಸೂರಿನಲ್ಲಿ ಬಸ್ಸು ಹತ್ತಿ, ಕೃಷ್ಣಗಿರಿ, ಆಂಬೂರು, ವೇಲೂರುಗಳನ್ನು ಹಾದು, ಅಲ್ಲಿರುವ ತಂಗಿಯ ಮನೆಯನ್ನು ಸೇರಿದೆವು. ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಗಾಳಿ ತುಂಬಿ ಗಂಟು ಕಟ್ಟಿದ ಚೀಲಗಳೊಳಗೆ ಬಣ್ಣಬಣ್ಣದ ಮೀನುಗಳು ಹೊಳೆಯುತ್ತಿದ್ದವು.

ತಂಗಿಯ ಯಜಮಾನರು ನಿವೃತ್ತರಾದ ಮೇಲೆ ಮನೆಯಲ್ಲಿಯೇ ಮೀನುಮರಿ ಬೆಳೆಸಿ ಅಂಗಡಿಗಳಿಗೆ ಕೊಡುತ್ತಾರೆ. ಅದರಿಂದ ಬರುವ ಹಣ ಸಂಸಾರಕ್ಕೆ ದೊಡ್ಡ ಆಸರೆ. ಹಿಂದಿನ ಪಡಸಾಲೆಯಲ್ಲಿ ಆರು ಗಾಜಿನ ತೊಟ್ಟಿಗಳು. ಒಂದೊಂದೂ ಮೂರಡಿ ಉದ್ದ, ಒಂದಡಿ ಅಗಲ, ಸುಮಾರು 100 ಲೀಟರು ನೀರು. ಮೊದಲು ಪ್ರತಿಯೊಂದಕ್ಕೂ ಬೇರೆ ಬೇರೆ ಶೋಧಕವಿದ್ದು, ಅವನ್ನು ತೊಳೆಯುವುದರಲ್ಲಿಯೇ ದಿನ ಮುಗಿಯುತ್ತಿತ್ತಂತೆ. ಈಗ ಆರಕ್ಕೂ ಒಂದೇ ಶೋಧಕ.

ಅದರ ಏರ್ಪಾಟು ಸರಳವಾದುದು. ತೊಟ್ಟಿಯಲ್ಲಿ ನೀರು ಗೊತ್ತಾದ ಮಟ್ಟ ಮೀರಿದೊಡನೆ ಹಿಂದಿನ ಕೊಳವೆಯಿಂದ ತಾನಾಗಿ ಇಳಿದು, ಕೆಳಗಿನ ದೊಡ್ಡ ತೊಟ್ಟಿಯನ್ನು ಸೇರುತ್ತದೆ. ಅಲ್ಲಿ ಮೊದಲು ಸ್ಪಂಜು ಕಸವನ್ನು ತಡೆಯುತ್ತದೆ. ಬಳಿಕ ನೀರು ರಂಧ್ರಗಳುಳ್ಳ ಪಿಂಗಾಣಿ ಉಂಗುರಗಳ ನಡುವೆ ಹರಿದು, ಕೊನೆಯ ಕೋಣೆಯಲ್ಲಿರುವ ಪಂಪಿನಿಂದ ಮತ್ತೆ ಮೇಲೇರುತ್ತದೆ. ನಿಜವಾದ ಕೆಲಸ ನಡೆಯುವುದು ಆ ಉಂಗುರಗಳಲ್ಲಿ. ಮೀನು ವಿಸರ್ಜಿಸುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟು ಹಾನಿಯಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಉಳಿದ ನೈಟ್ರೇಟನ್ನು ಕಳೆಯಲು ಆಗಾಗ ಸ್ವಲ್ಪ ನೀರನ್ನು ಬದಲಾಯಿಸಬೇಕು. ನೀರಿನ ಮೊತ್ತ ಹೆಚ್ಚಿದಷ್ಟೂ ಅದರ ಗುಣ ಬೇಗ ಕೆಡದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯವನ್ನು ರೂಪಿಸಿದ ವಿಲಿಯಂ ಆಲ್ಫರ್ಡ್ ಲಾಯ್ಡ್ ಕೂಡ ಇದೇ ತತ್ತ್ವವನ್ನು ನೆಚ್ಚಿ, ನೆಲದಡಿಯ ದೊಡ್ಡ ಜಲಾಶಯದಿಂದ ತೊಟ್ಟಿಗಳಿಗೆ ಸಮುದ್ರದ ನೀರನ್ನು ಸುತ್ತಿಸಿದ್ದನು.

“ವಿದ್ಯುತ್ತು ಹೋದರೆ?” ಎಂದು ಕೇಳಿದೆವು. ತೊಟ್ಟಿಯೊಂದರಲ್ಲಿ ಒಂದಂಗುಲ ನೀರು ಇಳಿದರೆ 7 ಲೀಟರು. ಆರರಿಂದ 42 ಲೀಟರು. ಅಷ್ಟು ಹಿಡಿಯುವ ಜಾಗವನ್ನು ಕೆಳಗಿನ ತೊಟ್ಟಿಯಲ್ಲಿ ಸದಾ ಖಾಲಿ ಬಿಟ್ಟಿದ್ದಾರೆ. ಮೇಲೇರುವ ಕೊಳವೆ ನೀರನ್ನು ಹಿಂದಕ್ಕೆಳೆಯದಂತೆ ಅದರಲ್ಲಿ ನೀರಿನ ಮಟ್ಟಕ್ಕೆ ಸಣ್ಣ ತೂತನ್ನು ಕೊರೆದಿದ್ದಾರೆ.

ಇಷ್ಟು ಜಾಗರೂಕತೆಯಿದ್ದರೂ ಎರಡು ತೊಟ್ಟಿಗಳು ಬರಿದಾಗಿದ್ದವು. ಕಾರಣ ಕೇಳಿದಾಗ, ಹತ್ತನೆಯ ತರಗತಿಯಲ್ಲಿ ಓದುವ ಅಳಿಯ ತಲೆ ತಗ್ಗಿಸಿ ಹೊರಗೆ ಹೋದ. ತಂದೆಗೆ ಸಂತೋಷವಾಗಲೆಂದು ಅವನು ತನ್ನ ಕೈಗಾಸಿನಿಂದ ಎರಡು ಮೀನು ಕೊಂಡು ತಂದು ನೇರವಾಗಿ ತೊಟ್ಟಿಗೆ ಬಿಟ್ಟಿದ್ದನಂತೆ. ಅವುಗಳ ಮೈಮೇಲೆ ಬಿಳಿಚುಕ್ಕೆ ರೋಗವಿತ್ತು. ಆ ಪರೋಪಜೀವಿ ಮೀನಿನ ಮೈಬಿಟ್ಟು ತಳದಲ್ಲಿ ನೆಲಸಿ, ನೂರಾರು ಮರಿಗಳಾಗಿ ಒಡೆದು, ಹೊಸ ಮೀನನ್ನು ಅರಸಿ ಈಜುತ್ತದೆ. ಆ ಮರಿಗಳಿಗೆ ಸ್ಪಂಜು ಅಡ್ಡಿಯಲ್ಲ. ಕೆಲವೇ ದಿನಗಳಲ್ಲಿ ರೋಗ ಆರೂ ತೊಟ್ಟಿಗಳಿಗೆ ಹರಡಿತು. ಮೂರು ವರ್ಷದಿಂದ ಸಾಕಿದ ಏಂಜೆಲ್ ಜೋಡಿಯೂ ಉಳಿಯಲಿಲ್ಲ. ಆ ರಾತ್ರಿಗಳಲ್ಲಿ ಹುಡುಗ ಊಟ ಮಾಡಲಿಲ್ಲವೆಂದು ತಂಗಿ ಕಣ್ಣೊರೆಸಿಕೊಂಡಳು.

ಯಜಮಾನರು ಮಾತ್ರ ಮೆಲ್ಲನೆ ಹೇಳಿದರು: “ಭಾವ, ತಪ್ಪು ಅವನದಲ್ಲ. ನೀರನ್ನು ಒಂದು ಮಾಡುವ ವಿದ್ಯೆ ಕಲಿತೆ. ಹೊಸದನ್ನು ಬೇರೆ ಇಡಬೇಕೆಂಬ ಪಾಠವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.”

ಅವರು ಬೆರಳು ಮಾಡಿದ ಕಡೆ ನೋಡಿದೆವು. ಇನ್ನೊಂದು ಗೋಡೆಯ ಬದಿಯಲ್ಲಿ, ಯಾವ ಕೊಳವೆಗೂ ಸೇರದ ಏಳನೆಯ ತೊಟ್ಟಿಯೊಂದಿತ್ತು. ಅದಕ್ಕೆ ಬೇರೆಯೇ ಬಲೆ, ಬೇರೆಯೇ ಬಕೀಟು. ಹೊಸ ಮೀನು ನಾಲ್ಕು ವಾರ ಅಲ್ಲಿದ್ದು ಆರೋಗ್ಯವಾಗಿದ್ದರೆ ಮಾತ್ರ ಉಳಿದವುಗಳ ನೀರಿಗೆ ಪ್ರವೇಶ. ಆ ತೊಟ್ಟಿಯ ಹೊಣೆಯನ್ನು ಹುಡುಗನಿಗೇ ಒಪ್ಪಿಸಿದ್ದರು. ಪಕ್ಕದಲ್ಲಿ ತೂಗುಹಾಕಿದ್ದ ಪುಸ್ತಕದಲ್ಲಿ ದಿನದಿನದ ತಪಸಣೆಯನ್ನು ಅವನು ಮುದ್ದಾದ ಅಕ್ಷರಗಳಲ್ಲಿ ಬರೆದಿಟ್ಟಿದ್ದ.

ಹೊರಡುವ ದಿನ ನಮ್ಮ ಮೊಮ್ಮಗನಿಗೆಂದು ಅವನು ನಾಲ್ಕು ಗಪ್ಪಿಮರಿಗಳನ್ನು ಚೀಲದಲ್ಲಿ ಕಟ್ಟಿಕೊಟ್ಟ. ಬಸ್ಸಿನ ಕಿಟಕಿಯ ಬಳಿ ನಿಂತು, “ಮಾವ, ನಮ್ಮ ಮನೆಯವೇ ಎಂದು ನೇರವಾಗಿ ಬಿಟ್ಟುಬಿಡಬೇಡಿ. ಇವನ್ನೂ ನಾಲ್ಕು ವಾರ ಬೇರೆಯೇ ಇಡಿ” ಎಂದ. ಹೊಸೂರು ತಲುಪಿದ ಮೇಲೆ ನಾವು ಹಾಗೆಯೇ ಮಾಡಿದೆವು.